ಬೆರಳುನಡೆ

ಓಣಿಯ ತುದಿಯಲ್ಲಿ ಯಾರೋ ಬರುತ್ತಿದ್ದರೆ ಮುಖ ಕಾಣುವ ಮೊದಲೇ ನಡಿಗೆ ನೋಡಿ ಇಂಥವರು ಎಂದು ಹೇಳಿಬಿಡುತ್ತೇವಲ್ಲ, ಬೆರಳಿಗೂ ಹಾಗೆಯೇ ಒಂದು ನಡೆ ಇದೆ. ಕೀಲಿಮಣೆಯ ಮೇಲೆ ಒಂದು ಅಕ್ಷರ ಒತ್ತಿ ಇನ್ನೊಂದಕ್ಕೆ ಹೋಗುವ ನಡುವೆ ನೀವು ಎಷ್ಟು ಬಿಡುವು ಕೊಡುತ್ತೀರಿ, ನಿಮ್ಮ ಯಾವ ಬೆರಳಿಗೆ ಅವಸರ, ಯಾವುದು ಸೋಮಾರಿ, ಇದು ಒಬ್ಬರಿಗಿದ್ದಂತೆ ಇನ್ನೊಬ್ಬರಿಗೆ ಇರುವುದಿಲ್ಲ. ಈ ನಡೆಯನ್ನು ಹಿಡಿಯುವ ಯಂತ್ರವೊಂದು ಸರಕಾರದ ಕೈಗೆ ಸಿಕ್ಕರೆ ಏನಾಗುತ್ತದೆ? ನನ್ನನ್ನು ಕೇಳಿ. ಆ ಯಂತ್ರದ ಮುಂದೆ ಕೂತು ಸಂಬಳ ತೆಗೆದುಕೊಂಡವಳು ನಾನು.

ನನ್ನ ಹೆಸರು ಪ್ರಭಾವತಿ. ನಮ್ಮೂರಿನ ಜಾಲಪಾಲನಾ ಕೇಂದ್ರದಲ್ಲಿ ಬೆಳಗಿನ ಪಾಳಿ. ಹೊರಗಿನ ಇಂಟರ್ನೆಟ್ಟಿಗೆ ಬೀಗ ಬಿದ್ದು ಬಹಳ ವರ್ಷವಾಗಿತ್ತು. ಜನರಿಗೆ ಉಳಿದದ್ದು ‘ಅಂಗಳ’ ಎಂಬ ಸರಕಾರಿ ಜಾಲ. ಅದರಲ್ಲಿ ಹಬ್ಬದ ಶುಭಾಶಯ ಬರೆಯಬಹುದು, ಮಂತ್ರಿಗಳ ಭಾಷಣ ಕೇಳಬಹುದು. ಆದರೂ ಜನ ಸುಮ್ಮನಿರುತ್ತಾರೆಯೇ? ಹಳೇ ಕಂಪ್ಯೂಟರುಗಳನ್ನು ಅಟ್ಟದಿಂದ ಇಳಿಸಿ ‘ಸುತ್ತುದಾರಿ’ ಎಂಬ ಕಳ್ಳಜಾಲ ಕಟ್ಟಿಕೊಂಡಿದ್ದರು. ಅಲ್ಲಿ ನೀವು ಒತ್ತಿದ ಒಂದೊಂದು ಅಕ್ಷರವೂ ಮೊಹರು ಮಾಡಿದ ಲಕೋಟೆಯೊಳಗೆ ಲಕೋಟೆಯಾಗಿ ಹತ್ತಾರು ಮನೆ ಸುತ್ತಿ ಬರುತ್ತದೆ. ಯಾರು ಬರೆದರು, ಎಲ್ಲಿಂದ ಬರೆದರು, ಯಾರಿಗೂ ತಿಳಿಯದು. ಆದರೆ ಅಕ್ಷರಗಳ ನಡುವಿನ ಬಿಡುವನ್ನು ಬಚ್ಚಿಡುವುದನ್ನು ಅದನ್ನು ಕಟ್ಟಿದವರು ಮರೆತಿದ್ದರು. ಸರಿಪಡಿಸಬಲ್ಲ ಹುಡುಗರು ಮೊದಲ ವರ್ಷವೇ ಜೈಲು ಸೇರಿದರು. ಆ ಬಿಡುವೇ ನಮ್ಮ ಯಂತ್ರದ ಊಟ. ರೇಷನ್ ಕಾರ್ಡಿಗೆ ಹೋದಾಗ ಪ್ರತಿಯೊಬ್ಬರಿಂದಲೂ ಒಂದು ಪುಟ ಟೈಪ್ ಮಾಡಿಸಿಕೊಳ್ಳುತ್ತಾರಲ್ಲ, ಯಾಕೆಂದುಕೊಂಡಿರಿ? ಊರಿನ ಅಷ್ಟೂ ಬೆರಳು ನಮ್ಮ ಹತ್ತಿರ ಇತ್ತು.

ಆಗ ನಾವು ಹುಡುಕುತ್ತಿದ್ದದ್ದು ನಳದವ್ವನನ್ನು. ಹೆಂಗಸೋ ಗಂಡಸೋ ಗೊತ್ತಿಲ್ಲ, ಜನ ಇಟ್ಟ ಹೆಸರು. ಮುಚ್ಚಿದ ಬಣ್ಣದ ಗಿರಣಿಯ ಹೊಂಡದಿಂದ ಏನೋ ಸೋರಿ ನೀರಿನ ಪೈಪು ಸೇರುತ್ತಿತ್ತು. ಕುಂಬಾರ ಓಣಿಯಲ್ಲಿ ಮಕ್ಕಳು ಸತ್ತವು. ಮಾವಿನಹಣ್ಣು ತಿಂದು ಹೊಟ್ಟೆ ಕೆಟ್ಟದ್ದು ಎಂದು ಸರಕಾರ ಹೇಳಿತು. ನೀರು ಕೆಟ್ಟಿದೆ ಎಂದವರಿಗೆ ವದಂತಿ ಕಾಯ್ದೆ. ನಮ್ಮೂರಲ್ಲಿ ನಳಕ್ಕೆ ನೀರು ಬರುವುದೇ ವಾರಕ್ಕೊಮ್ಮೆ. ಆ ದಿನ ಬೆಳಗಾಗುತ್ತಿದ್ದಂತೆ ಸುತ್ತುದಾರಿಯಲ್ಲಿ ಒಂದು ಸಾಲು ಬರುತ್ತಿತ್ತು: ‘ಇವತ್ತು ಇಂಥ ಓಣಿಯ ನೀರು ಕುಡಿಯಬೇಡಿ. ಕುದಿಸಿದರೂ ವಿಷ ಹೋಗುವುದಿಲ್ಲ.’ ಜನ ಬಾಯಿಂದ ಬಾಯಿಗೆ ಹೇಳಿ ಕೊಡಗಟ್ಟಲೆ ನೀರನ್ನು ಗಟಾರಕ್ಕೆ ಸುರಿಯುತ್ತಿದ್ದರು. ಮಕ್ಕಳು ಸಾಯುವುದು ನಿಂತಿತು.

“ಪ್ರಭಾವತಿ ಅವ್ರೇ, ಸ್ವಲ್ಪ ಬನ್ನಿ ಇಲ್ಲಿ. ಒಂದು ತಮಾಷೆ ತೋರಿಸ್ತೀನಿ.”

ಕರೆದದ್ದು ಧನಂಜಯ, ಬೆಂಗಳೂರಿನಿಂದ ವರ್ಗವಾಗಿ ಬಂದಿದ್ದ ಮೇಲ್ವಿಚಾರಕ. ಎಂದೂ ದನಿ ಏರಿಸಿದವನಲ್ಲ, ಎಲ್ಲರಿಗೂ ಬಿಸ್ಕತ್ತು ಹಂಚುತ್ತಾನೆ. ಒದರಾಡುವವನಾಗಿದ್ದರೆ ನನಗೆ ಅವನನ್ನು ಕಂಡರೆ ಅಷ್ಟು ಹೆದರಿಕೆ ಇರುತ್ತಿರಲಿಲ್ಲ.

“ನಳದವ್ವನ ನಡೆ ಇದು. ಯಂತ್ರ ಒಂದು ಹೆಸರು ಕೊಡ್ಬೇಕಲ್ವಾ? ನೋಡಿ, ಎಷ್ಟು ಕೊಟ್ಟಿದೆ!”

ಪರದೆಯ ಮೇಲೆ ಮೂವತ್ತರ ಹತ್ತಿರ ಹೆಸರು. ಎಲ್ಲ ಹೆಂಗಸರು. ನಡುವೆ ನನ್ನ ಹೆಸರೂ ಇತ್ತು.

“ಅರೆ, ನೀವೂ ಇದೀರಲ್ರೀ!” ಎಂದು ನಕ್ಕ. “ಹೆದರ್ಕೋಬೇಡಿ. ಅದು ಬಂದಾಗ ನೀವು ನನ್ನೆದುರೇ ಕೂತಿದ್ರಿ. ಒಬ್ಬರ ಬೆರಳು ಇಷ್ಟು ಜನಕ್ಕೆ ಹೇಗೆ ಬಂತೋ ದೇವರಿಗೇ ಗೊತ್ತು. ಇನ್ನೆರಡು ಸಲ ಬರೀಲಿ, ಜರಡಿ ಹಿಡಿದ್ರೆ ಒಂದೇ ಉಳಿಯುತ್ತೆ.”

ಹೇಗೆ ಬಂತೆಂದು ನನಗೆ ಗೊತ್ತಿತ್ತು. ನನ್ನ ಹೆಸರಿನ ಕೆಳಗೇ ಇನ್ನೊಂದು ಹೆಸರಿತ್ತು, ವಿಶಾಲಾಕ್ಷಿ. ನನ್ನ ಗಂಡನ ತಂಗಿ. ನಾವು ಅಷ್ಟೂ ಜನ ಅಂಬಕ್ಕ ಟೀಚರ ಟೈಪಿಂಗ್ ಕ್ಲಾಸಿನವರು.

ಅಂಬಕ್ಕ ಟೀಚರ ತಂದೆ ಹೆಸರಾಂತ ತಬಲಾದವರು. ನಮ್ಮ ಕಡೆ ಗಾಣ ಇಲ್ಲದ ಓಣಿ ಇದ್ದೀತು, ತಬಲಾ ಇಲ್ಲದ ಓಣಿ ಇರಲಿಲ್ಲ. ಟೀಚರು ಟೈಪಿಂಗನ್ನೂ ತಾಳದಲ್ಲೇ ಕಲಿಸುತ್ತಿದ್ದರು. ಫೂಟ್‌ಪಟ್ಟಿಯಿಂದ ಮೇಜು ಬಡಿಯುತ್ತ ಧಾ ಧಿನ್ ಧಿನ್ ಧಾ ಎಂದು ಹದಿನಾರು ಮಾತ್ರೆಯ ತೀನ್‌ತಾಳ ಹೇಳುವುದು, ನಾವು ಒಂದೊಂದು ಮಾತ್ರೆಗೆ ಒಂದೊಂದು ಅಕ್ಷರ ಒತ್ತುವುದು. ಒಂಬತ್ತನೆಯ ಮಾತ್ರೆಗೆ ಖಾಲಿ ಬರುತ್ತದೆ, ಅಲ್ಲಿ ಕೈ ಹಗುರ ಮಾಡಬೇಕು. ಮರೆತು ಜೋರಾಗಿ ಒತ್ತಿದರೆ, “ಖಾಲಿಯೊಳಗ ಯಾರವಾ ಅದು ಕಟಗಿ ಒಡಿಯಾಕಿ?” ಎಂದು ಕೂಗುತ್ತಿದ್ದರು. ಕೋರ್ಟಿನ ನೌಕರಿಗೆಂದು ಕಲಿತ ನಮಗೆ ನೌಕರಿ ಸಿಕ್ಕಿತೋ ಇಲ್ಲವೋ, ತಾಳ ಮಾತ್ರ ಬೆರಳಲ್ಲಿ ಕೂತುಬಿಟ್ಟಿತು. ಯಂತ್ರ ಅದನ್ನು ಒಬ್ಬಳ ನಡೆ ಎಂದುಕೊಂಡು ತಬ್ಬಿಬ್ಬಾಗಿತ್ತು.

ಆ ಕ್ಲಾಸಿನಲ್ಲೇ ವಿಶಾಲಿ ನನಗೆ ಗೆಳತಿಯಾದದ್ದು, ಆಮೇಲೆ ತನ್ನ ಅಣ್ಣನಿಗೆ ನನ್ನನ್ನು ತಂದುಕೊಂಡದ್ದು. ಈಗ ನಮ್ಮ ಜೊತೆಗೇ ಇದ್ದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಾಳೆ. ನೀರು ಬಿಡುವ ದಸ್ತಗೀರಣ್ಣ ನಳದ ದಿನ ಹಾಲಿನ ಪಾಕೀಟಿನ ಜೊತೆ ನೀರು ತುಂಬಿದ ಸಣ್ಣ ಸಣ್ಣ ಬಾಟಲಿ ನಮ್ಮ ಬಾಗಿಲಲ್ಲಿ ಯಾಕೆ ಇಟ್ಟುಹೋಗುತ್ತಾನೆ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಶಾಲೆಯ ಪ್ರಯೋಗಕ್ಕೆ ಎಂದಿದ್ದಳು, ನಂಬಿದ್ದೆ. ಅವತ್ತು ಮನೆಗೆ ನಡೆದುಬರುವಾಗ ಆ ಬಾಟಲಿಗಳು ಒಂದೊಂದಾಗಿ ನೆನಪಾದವು.

ನಮ್ಮ ಮನೆಗಳಲ್ಲಿ ಮಾತಾಡುವುದೂ ಕಷ್ಟ. ಸರಕಾರಿ ಫೋನು ಸದಾ ಚಾಲೂ ಇರಬೇಕು, ಅದು ಕೇಳಿಸಿಕೊಳ್ಳುತ್ತಿರುತ್ತದೆ. ಗುಟ್ಟಿನ ಮಾತಿದ್ದರೆ ಮಿಕ್ಸಿ ಹಾಕಬೇಕು. ಶೇಂಗಾ ಹುರಿದು ಜಾರಿಗೆ ಸುರಿದು ಗುಂಡಿ ತಿರುಗಿಸಿದೆ. ವಿಶಾಲಿಯ ಕಿವಿಗೆ ಬಾಯಿ ಹಚ್ಚಿ ಕೇಳಿದೆ.

“ನಳದವ್ವ ಅಂದ್ರ ನೀನಽ ಏನು?”

“ಮತ್ತ್ಯಾರು ಅಂತ ಮಾಡಿದ್ದಿ?” ಎಂದಳು, ಉಪ್ಪು ಎಷ್ಟು ಹಾಕಲಿ ಎಂದು ಕೇಳಿದಷ್ಟು ಸಹಜವಾಗಿ.

“ನಿನ್ನ ಹೆಣಾ ಎತ್ಲಿ! ಯಂತ್ರಕ್ಕ ನಿನ್ನ ಬೆರಳು ಸಿಕ್ಕೈತಿ. ಇನ್ನೆರಡು ಸಲ ಬರದ್ರ ನಿನ್ನ ಹೆಸರಽ ಉಳಿತೈತಿ. ಬಿಟ್ಟುಬಿಡು ಇದನ್ನ, ನಿನ್ನ ಕಾಲು ಬೀಳ್ತೀನಿ.”

ಅವಳ ಮುಖ ಬಿಳಿಚಿತು. ಆದರೂ ತಲೆ ಅಲ್ಲಾಡಿಸಿದಳು. “ಬಿಟ್ರ ಹ್ಯಾಂಗ ಪ್ರಭಾ? ಯಾವ ವಾಲ್ವ್ ತೆಗದ್ರ ಯಾವ ಓಣಿಗೆ ಕೆಟ್ಟ ನೀರು ಹೋಗ್ತೈತಿ ಅನ್ನೂದು ನನ್ನ ಬಿಟ್ಟು ಯಾರಿಗೂ ಗೊತ್ತಿಲ್ಲ. ಸಾಯಾವ್ರು ನಾನೂ ನೀನೂ ಅಲ್ಲ, ತೊಡಿಮ್ಯಾಲಿನ ಕೂಸುಗಳು.”

ನನ್ನ ಗಂಡ ಗುರುಪಾದ ಅಡುಗೆಮನೆಗೆ ಇಣುಕಿದ. ಸೈಕಲ್ ರಿಪೇರಿ ಅಂಗಡಿಯವನು, ಪೊಲೀಸರನ್ನು ಕಂಡರೆ ಇನ್ನೊಂದು ಓಣಿ ಹಿಡಿಯುವ ಮನುಷ್ಯ. “ಎಷ್ಟರ ಚಟ್ನಿ ಮಾಡ್ತೀರಿ? ಮದುವಿ ಐತೇನು ಮನ್ಯಾಗ?” ಎಂದ. ಅವನ ಕಿವಿಗೂ ಹೇಳಿದೆವು. ಪಾಪ, ಅಲ್ಲೇ ನೆಲದ ಮೇಲೆ ಕೂತುಬಿಟ್ಟ.

ಆಗ ನನಗೊಂದು ಉಪಾಯ ಹೊಳೆಯಿತು. ಹೊಳೆಯದಿದ್ದರೆ ಚೆನ್ನಾಗಿತ್ತು. “ಕ್ಲಾಸ್ ಮುಗದ ಮ್ಯಾಲ ಟೀಚರು ನಿನಗೊಬ್ಬಾಕಿಗೇ ರೂಪಕ ತಾಳದಾಗ ಹೊಡಿಯೂದು ಕಲಿಸಿದ್ರಲ್ಲ? ಏಳು ಮಾತ್ರಾದ್ದು. ಅದರಾಗ ಬರಿ. ನಡಿ ಬದಲಾಗ್ತೈತಿ, ಯಂತ್ರ ನಿನ್ನ ಗುರುತು ಹಿಡಿಯೂದಿಲ್ಲ.”

ವಿಶಾಲಿ ಚಪಾತಿ ಮಣೆಯ ಮೇಲೆ ಬೆರಳು ಆಡಿಸಿ ನೋಡಿದಳು. ತೀ ತೀ ನಾ, ಧೀ ನಾ, ಧೀ ನಾ. ಮೊದಲ ಮಾತ್ರೆಯೇ ಖಾಲಿ, ಎತ್ತುಗಡೆಯೇ ಹಗುರ. ಬೆರಳು ಮರೆತಿರಲಿಲ್ಲ. ಆ ವಾರವೆಲ್ಲ ಮಣೆಯ ಮೇಲೆ ರೂಢಿ ಮಾಡಿದಳು, ನಾವು ಮೂರೂ ಹೊತ್ತು ಶೇಂಗಾ ಚಟ್ನಿ ತಿಂದೆವು.

ಮುಂದಿನ ನೀರಿನ ದಿನ ಗಾಡಿಖಾನೆ ಚಾಳಿನ ನೀರು ಕುಡಿಯಬೇಡಿ ಎಂಬ ಸಾಲು ಬಂತು. ನಾನು ಕೇಂದ್ರದಲ್ಲಿ ಉಸಿರು ಬಿಗಿಹಿಡಿದು ಪರದೆ ನೋಡುತ್ತಿದ್ದೆ. ಮೂವತ್ತು ಹೆಸರೂ ಒಂದೊಂದಾಗಿ ಅಳಿಸಿಹೋದವು. ನನ್ನದು ಹೋಯಿತು, ವಿಶಾಲಿಯದು ಹೋಯಿತು. ಯಲ್ಲವ್ವ ತಾಯಿ, ಉಳಿಸಿದೆ ಎಂದುಕೊಂಡೆ. ಅಷ್ಟರಲ್ಲಿ ಖಾಲಿ ಪರದೆಯ ಮೇಲೆ ಒಂದೇ ಒಂದು ಹೆಸರು ಬಂದು ನಿಂತಿತು: ಅಂಬುಬಾಯಿ ಕಟ್ಟಿ. ನಮ್ಮ ಅಂಬಕ್ಕ ಟೀಚರು.

ಎಂಥ ಕತ್ತೆ ನಾನು! ನಮಗೆಲ್ಲ ಸುಲಭವಾಗಲೆಂದು ತೀನ್‌ತಾಳ ಕಲಿಸಿದ ಟೀಚರ ಸ್ವಂತ ಕೈ ರೂಪಕದ್ದು. ರೇಷನ್ ಕಾರ್ಡಿನ ಪುಟವನ್ನೂ ಅವರು ಅದರಲ್ಲೇ ಹೊಡೆದಿದ್ದಾರೆ. ಹೊಸ ನಡೆ ಕಟ್ಟಿಕೊಂಡೆವೆಂದು ನಾವು ತಿಳಿದದ್ದು. ನಾವು ಹಾಕಿಕೊಂಡದ್ದು ಅವರ ನಡೆಯನ್ನು.

ಊಟದ ಹೊತ್ತಿಗೆ ಅವರನ್ನು ತಂದರು. ಎಂಬತ್ತರ ಮುದುಕಿ, ಎರಡೂ ಕಣ್ಣಿಗೆ ಪೊರೆ. ಗಾಜಿನ ಕೋಣೆಯಲ್ಲಿ ಕೂರಿಸಿದರು. ಹೊರಗಿನಿಂದ ನಮಗೆ ಅವರು ಕಾಣುತ್ತಾರೆ, ಅವರಿಗೆ ನಾವು ಕಾಣುವುದಿಲ್ಲ. ಯಂತ್ರ ನೋಡಿಕೊಳ್ಳಲು ಧನಂಜಯ ನನ್ನನ್ನೇ ಕೂರಿಸಿದ.

“ಅಮ್ಮಾ, ಬಿಸ್ಕತ್ತು ತಗೊಳ್ಳಿ,” ಎಂದ ಅವನು ಒಳಗೆ. “ಇವತ್ತಿನದು ನಿಮ್ಮ ಕೈ. ಆದ್ರೆ ಹಿಂದಿನವೆಲ್ಲ ಬೇರೆ ನಡೆ. ನಿಮ್ಮ ಹತ್ರ ಕಲಿತ ಯಾರೋ ಬರೆದಿದಾರೆ. ಹೆಸರು ಹೇಳ್ಬಿಡಿ, ನಾನೇ ಕಾರಲ್ಲಿ ಮನೆಗೆ ಬಿಡ್ತೀನಿ.”

ಟೀಚರು ಬಿಸ್ಕತ್ತನ್ನು ಮೂಸಿ ನೋಡಿ ತಟ್ಟೆಯಲ್ಲಿಟ್ಟರು. ತಾವು ಬರೆಯದ ಸಾಲು ತಮ್ಮ ಕೈಯದೆಂದು ಇವರು ಅನ್ನುತ್ತಿದ್ದಾರೆ. ಆ ಕೈ ತಾವು ಯಾರೊಬ್ಬಳಿಗೆ ಕೊಟ್ಟದ್ದೆಂದು ಅವರಿಗೆ ಆ ಕ್ಷಣವೇ ತಿಳಿದಿರಬೇಕು. ಬಾಯಿಬಿಟ್ಟರೆ ಮುಗಿಯಿತು. ನಾನು ಕುರ್ಚಿಯ ಅಂಚು ಗಟ್ಟಿಯಾಗಿ ಹಿಡಿದುಕೊಂಡೆ.

“ಯಾರಪಾ ಬರೀತಾರ? ಎಲ್ಲಾ ನಂದಽ ಅದ,” ಎಂದರು. “ಹುಡುಗ್ಯಾರಿಗೆ ಎಲ್ಲಿ ಅಷ್ಟು ಧೈರ್ಯ? ತಾ ಇಲ್ಲಿ ಕೀಲಿಮಣಿ.”

ಮೊದಲು ತೀನ್‌ತಾಳದಲ್ಲಿ ಒಂದು ಪುಟ ಹೊಡೆದರು. ಆಮೇಲೆ ರೂಪಕದಲ್ಲಿ ಇನ್ನೊಂದು. ಎರಡಕ್ಕೂ ಯಂತ್ರ ತಾಳೆ ತೋರಿಸಿತು. ತಮ್ಮ ಮೂವತ್ತು ಹುಡುಗಿಯರ ಮೇಲಿದ್ದದ್ದನ್ನೆಲ್ಲ ಮುದುಕಿ ಎರಡು ಪುಟದಲ್ಲಿ ತಮ್ಮ ತಲೆಗೆ ಎಳೆದುಕೊಂಡರು. ನನಗೆ ಅಳು ಬಂತು. ಅಳುವ ಹಾಗಿಲ್ಲ, ಕೆಮ್ಮಿದೆ.

ಧನಂಜಯ ಹೊರಗೆ ಬಂದು ಕನ್ನಡಕ ಒರೆಸಿಕೊಂಡ. “ಮುಂದಿನ ನೀರಿನ ದಿನ ನೋಡೋಣ. ಸಂದೇಶ ಬರದಿದ್ರೆ ಇವರೇ ನಳದವ್ವ. ಕೇಸು ಮುಗೀತು, ಅಜ್ಜಿ ಇಲ್ಲೇ ಕೊನೇ ಉಸಿರು ಬಿಡ್ತಾರೆ. ಬಂದ್ರೆ ಇವರಲ್ಲ, ಬಿಟ್ಟುಬಿಡ್ಬೇಕಾಗುತ್ತೆ. ಏನಂತೀರಾ?”

“ಹೌದ್ರೀ ಸರ್,” ಎಂದೆ.

ಹೇಳಲು ನಾಚಿಕೆಯಾಗುತ್ತದೆ, ಆ ಕ್ಷಣ ನನಗೆ ಮೊದಲು ಆದದ್ದು ಸಮಾಧಾನ. ನಾವು ಸುಮ್ಮನಿದ್ದರೆ ಸಾಕು, ವಿಶಾಲಿ ಉಳಿದಳು, ನಾನು ಉಳಿದೆ. ಈ ಸಮಾಧಾನ ಮನೆಯ ಬಾಗಿಲವರೆಗೂ ಉಳಿಯಲಿಲ್ಲ. ಪಕ್ಕದ ಮನೆಯ ಬಾಣಂತಿ ಕೂಸಿಗೆ ನೀರು ಹಾಕುತ್ತಿದ್ದಳು, ಕಟ್ಟೆಯ ಮೇಲೆ ಕೂತು ಹಾಡು ಹೇಳುತ್ತ. ಮುಂದಿನ ಸಲ ನಮ್ಮ ಓಣಿಯದೇ ಸರದಿ ಇರಬಹುದು ಎಂದು ವಿಶಾಲಿ ಹೇಳಿದ್ದಳು.

ಮತ್ತೆ ಮಿಕ್ಸಿ ತಿರುಗಿತು.

“ನಾ ಬರೀತೀನಿ, ನನ್ನ ಕೈಲೇ,” ಎಂದಳು ವಿಶಾಲಿ. ಅತ್ತು ಅತ್ತು ಅವಳ ಕಣ್ಣು ಬಾತಿದ್ದವು. “ಟೀಚರ ಬಿಡುಗಡಿ ಆಗಲಿ. ನನ್ನ ಹಿಡಕೊಂಡು ಹೋಗ್ಲಿ.”

“ಆಮ್ಯಾಲ? ನೀ ಒಳಗ ಹೋದ ಮ್ಯಾಲ ಯಾವ ನೀರು ಕೆಟ್ಟೈತಿ ಅಂತ ಹೇಳಾವ್ರು ಯಾರು, ನಿಮ್ಮಣ್ಣ ಏನು?” ಎಂದೆ. “ಬಾಟ್ಲಿ ನೋಡೂದು ನಿನಗಷ್ಟಽ ಬರ್ತೈತಿ. ಕೀಲಿ ಒತ್ತೂದು ಯಾರಿಗರೆ ಬರ್ತೈತಿ. ನಾ ಒತ್ತತೀನಿ.”

ಈ ಮಾತು ನನ್ನ ಬಾಯಿಂದ ಹೇಗೆ ಬಂತೋ! ಗುರುಪಾದ ನನ್ನನ್ನೇ ನೋಡಿದ. ಬೇಡ ಅನ್ನುತ್ತಾನೆ ಎಂದುಕೊಂಡೆ, ಬೇಡ ಅನ್ನಲಿ ಎಂದೂ ಅಂದುಕೊಂಡೆ. ಅವನು ಮಿಕ್ಸಿಯ ಗುಂಡಿಯನ್ನು ಇನ್ನೊಂದು ಸುತ್ತು ಏರಿಸಿದ.

“ಬರದಾವ್ರು ಸಿಕ್ಕಽ ಸಿಗ್ತಾರಂದ್ರ, ನೀರಿನ ದಿನಕ್ಕೊಬ್ಬರು ಬೇಕಾಗ್ತೈತಿ,” ಎಂದ. “ನೀ ಆದ ಮ್ಯಾಲ ನಾನು. ಎರಡು ಬೆರಳಲೆ ಹೊಡಿಯಾಂವ ನಾ, ಸ್ವಲ್ಪ ತಡಾ ಆಗ್ತೈತಿ ಅಷ್ಟಽ.”

ನಗಬೇಕೆನಿಸಿತು, ಆಗಲಿಲ್ಲ. ಅವನ ತೋಳಿಗೆ ಹಣೆ ಹಚ್ಚಿ ನಿಂತೆ. ಸೈಕಲ್ಲಿನ ಗ್ರೀಸಿನ ವಾಸನೆ.

ನೀರಿನ ದಿನ ಬೆಳಿಗ್ಗೆ ವಿಶಾಲಿ ಬಾಗಿಲಲ್ಲಿ ನನಗೆ ಕುಂಕುಮ ಹಚ್ಚುವ ನೆಪದಲ್ಲಿ ಕಿವಿಯಲ್ಲಿ ಒಂದೇ ಹೆಸರು ಹೇಳಿದಳು. ನಮ್ಮ ಓಣಿ. ದಾರಿಯುದ್ದಕ್ಕೂ ಹೆಂಗಸರು ಕೊಡ, ಬಕೀಟು, ಬ್ಯಾರಲ್ ಸಾಲಾಗಿ ಇಟ್ಟುಕೊಂಡು ನಳದ ಬಾಯಿ ನೋಡುತ್ತಿದ್ದರು. “ನಳದವ್ವ ಇನ್ನೂ ಏನೂ ಅಂದಿಲ್ಲೇನವ್ವಾ?” ಎಂದು ಒಬ್ಬಳು ಇನ್ನೊಬ್ಬಳನ್ನು ಕೇಳಿದಳು. “ಇಲ್ಲವಾ, ಹಂಗಾರ ಛಲೋ ಐತಿ ತಗೊ, ತುಂಬಸು,” ಎಂದಳು ಇನ್ನೊಬ್ಬಳು. ನಾನು ಓಡತೊಡಗಿದೆ.

ಕೇಂದ್ರದಲ್ಲಿ ಕಾವಲಿಗೆಂದೇ ಸುತ್ತುದಾರಿಗೆ ಒಂದು ಕಂಪ್ಯೂಟರು ಜೋಡಿಸಿಟ್ಟಿದ್ದೆವು. ಅದರಲ್ಲಿ ಓದುವುದಷ್ಟೇ ನಮ್ಮ ಕೆಲಸ, ಯಾರೂ ಬರೆದದ್ದಿಲ್ಲ. ಮನೆಯಿಂದ ಬರೆದರೆ ಮತ್ತೆ ಮೂವತ್ತೂ ಹೆಸರು ಬರುತ್ತವೆ, ಇಲ್ಲಿ ಬರೆದರೆ ಸಿಕ್ಕುವವಳು ನಾನೊಬ್ಬಳೇ. ಧನಂಜಯ ಕೋಣೆಯ ಆ ಕಡೆ ಚಹಾ ಬಸಿಯುತ್ತಿದ್ದ. ನಾನು ಕೂತೆ. ತೊಡೆಗಳು ಗಡಗಡ ನಡುಗಿ ಕುರ್ಚಿಯೇ ಸದ್ದು ಮಾಡುತ್ತಿತ್ತು. ಎದ್ದು ಹೋಗಿಬಿಡಲೇ ಎಂದು ನೂರು ಸಲ ಅನಿಸಿತು. ಬಾಣಂತಿಯ ಕೂಸಿಗೆ ಇನ್ನೂ ಹೆಸರಿಟ್ಟಿರಲಿಲ್ಲ, ಅದೇ ಯಾಕೋ ನೆನಪಾಯಿತು. ಬೆರಳಿಟ್ಟೆ. ಬೆರಳು ಮಾತ್ರ ನಡುಗಲಿಲ್ಲ, ತಮ್ಮಷ್ಟಕ್ಕೆ ತಾವೇ ತಾಳ ಹಿಡಿದವು.

‘ಇವತ್ತು ನೇಕಾರ ಓಣಿಯ ನೀರು ಕುಡಿಯಬೇಡಿ. ಕುದಿಸಿದರೂ ವಿಷ ಹೋಗುವುದಿಲ್ಲ. ತುಂಬಿಸಿದ್ದನ್ನು ಚೆಲ್ಲಿರಿ.’

ಯಂತ್ರ ಕೂಗಿತು. ಧನಂಜಯ ಚಹಾದ ಲೋಟ ಹಿಡಿದೇ ಓಡಿಬಂದ. “ಬಂತಾ? ಅಜ್ಜಿ ಒಳಗಿದ್ದಾಗಲೇ ಬಂತಾ? ಯಾರು, ಯಾರ ಹೆಸರು?”

“ನಂದು ರೀ,” ಎಂದೆ.

ಅವನು ನಕ್ಕ. ಆಮೇಲೆ ಪರದೆ ನೋಡಿದ, ನನ್ನ ಬೆರಳು ಇನ್ನೂ ಕೀಲಿಮಣೆಯ ಮೇಲೇ ಇದ್ದದ್ದನ್ನು ನೋಡಿದ. ಲೋಟವನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಬಾಗಿಲು ಹಾಕಿದ. ಆಗಲೂ ದನಿ ಏರಿಸಲಿಲ್ಲ.

ಒಳಗೆ ಏನೇನಾಯಿತು ಎಂದು ಹೇಳುವುದಿಲ್ಲ. ನೀರು ಕೆಟ್ಟಿದ್ದು ನಿನಗೆ ಹೇಳಿದವರು ಯಾರು ಎಂಬುದೊಂದೇ ಪ್ರಶ್ನೆ. ಬಾಯಿಗೆ ಹಾಕಿಕೊಂಡು ರುಚಿ ನೋಡಿದೆ ಎಂಬುದೊಂದೇ ನನ್ನ ಉತ್ತರ. ಟೀಚರನ್ನು ಬಿಟ್ಟರೆಂದು ಕಾವಲಿನ ಹೆಂಗಸು ಅನ್ನ ಇಡುವಾಗ ಪಿಸುಗುಟ್ಟಿದಳು. ಸುದ್ದಿ ನಿಜವೋ, ನನ್ನ ಬಾಯಿ ಬಿಡಿಸಲು ಹೇಳಿದ್ದೋ, ಗೊತ್ತಾಗಲಿಲ್ಲ. ಒಳಗೆ ಎಲ್ಲವೂ ಹಾಗೆಯೇ, ಯಾವುದನ್ನೂ ನಂಬುವ ಹಾಗಿಲ್ಲ.

ದಿನ ಎಣಿಸುತ್ತ ಕೂತೆ. ಮುಂದಿನ ನೀರಿನ ದಿನ ಬೆಳಗಿನಿಂದ ಬಾಗಿಲನ್ನೇ ನೋಡುತ್ತಿದ್ದೆ. ಬಾಗಿಲು ತೆರೆದರೆ ಗುರುಪಾದ ಬರಬೇಕು, ಅದೇ ನಮ್ಮ ಮಾತು. ಅವನು ಬರುವುದೂ ಬೇಡವಾಗಿತ್ತು, ಬಾರದಿರುವುದೂ ಬೇಡವಾಗಿತ್ತು. ವಿಶಾಲಿ ಬಂದುಬಿಟ್ಟರೆ? ಬಾಗಿಲ ಹೊರಗೆ ಬೂಟಿನ ಸಪ್ಪಳವಾಯಿತು, ಕೀಲಿ ತಿರುಗಿತು. ನಾನು ಕಣ್ಣು ಮುಚ್ಚಿಕೊಂಡೆ.

ತೆರೆದಾಗ ಎದುರಿಗೆ ನಾನೆಂದೂ ಕಾಣದ ಹೆಂಗಸೊಬ್ಬಳು ನಿಂತಿದ್ದಳು. ದಪ್ಪಗಿನ ಮೈ, ಮೊಣಕೈವರೆಗೂ ಹಿಟ್ಟು. ಹಿಟ್ಟಿನ ಗಿರಣಿಯಿಂದ ಹಾಗೇ ಎತ್ತಿಕೊಂಡು ಬಂದಿರಬೇಕು. ಅಂಬಕ್ಕನ ಕ್ಲಾಸಿನವಳಲ್ಲ, ನಮ್ಮ ಬಂಧುಬಳಗವಲ್ಲ. ಹೆದರಿಕೆಗೆ ಹಲ್ಲು ಕಟಕಟ ಕಡಿಯುತ್ತಿದ್ದಳು.

“ಎದಕ್ಕ ತಂದಾರವ್ವಾ ನಿನ್ನ?” ಎಂದೆ.

“ಬರದೆ ರೀ. ನೀರಿಂದು.”

ಯಾರು ಬರೆಯೆಂದರು, ನನ್ನ ಗಂಡ ಎಲ್ಲಿ, ಅವನ ಸರದಿ ನಿನಗೆ ಹೇಗೆ ಬಂತು ಎಂದು ನಾಲಿಗೆ ತುದಿಗೆ ಬಂದದ್ದನ್ನೆಲ್ಲ ನುಂಗಿಕೊಂಡೆ. ಇವಳು ಅವರ ಪೈಕಿಯವಳೇ ಆಗಿರಬಹುದು. ಗೋಡೆಗೆ ಕಿವಿ ಇರಬಹುದು. ಆದರೆ ಒಂದು ಮಾತು ಕೇಳದೆ ಇರಲಾಗಲಿಲ್ಲ.

“ಯಾರರೆ ಕುಡದ್ರೇನು?”

“ಇಲ್ರೀ,” ಎಂದಳು ಆಕೆ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ. “ಒಬ್ರೂ ಕುಡೀಲಿಲ್ಲ. ಓಣಿ ತುಂಬ ಚೆಲ್ಯಾರ. ನನ್ನ ಜೀಪ್ ಹತ್ತಿಸೂ ಮುಂದ ಪೊಲೀಸರ ಬೂಟೆಲ್ಲಾ ತೊಯ್ದು ಹೋದ್ವು ನೋಡ್ರಿ.”

ಅಳುತ್ತಿದ್ದವಳು ಅಷ್ಟು ಹೇಳಿ ಫಕ್ಕನೆ ನಕ್ಕಳು. ನನಗೂ ನಗು ಬಂತು, ನಗುತ್ತ ನಗುತ್ತ ಅಳುವೂ ಬಂತು. ಚಾಪೆಯ ಮೇಲೆ ಸರಿದು ಆಕೆಗೆ ಜಾಗ ಮಾಡಿಕೊಟ್ಟೆ. ಆಕೆ ನನ್ನ ಭುಜಕ್ಕೆ ಭುಜ ತಾಗಿಸಿ ಕೂತಳು. ಮುಂದಿನ ವಾರ ಇನ್ನೊಬ್ಬರು ಬಂದರೆ ಹಿಡಿಯುವಷ್ಟು ಜಾಗ ಬಿಟ್ಟು, ಇಬ್ಬರೂ ಗೋಡೆಯ ಕಡೆಗೆ ಒತ್ತಿಕೊಂಡೆವು.